ಮೇಷ್ಟ್ರು ಕಂಡಿರದ ಜ್ವಾಲಾಮುಖಿ

ಗ್ರೀಸಿನ ಕಾರ್ಡಿತ್ಸಾ ಎಂಬ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಪಾಂಡೆಲಿಸ್ ಹುಟ್ಟಾ ಸುಳ್ಳುಗಾರನೇನಲ್ಲ. ಮನೆಯಲ್ಲಿದ್ದುಕೊಂಡು ಮನೆಯಲ್ಲಿಲ್ಲ ಅನ್ನಿಸುವುದಕ್ಕೂ ಅವನ ನಾಲಿಗೆ ತೊದಲುತ್ತಿತ್ತು. ಆದರೆ ಒಂದೇ ಒಂದು ಸುಳ್ಳನ್ನು ಮಾತ್ರ ಮೂವತ್ತು ವರ್ಷ ಸಾಕಿ ಸಲಹಿ ಬೆಳೆಸಿದ್ದ. ತಾನು ನಿಸಿರೋಸ್ ದ್ವೀಪದ ಜ್ವಾಲಾಮುಖಿಯ ಬಾಯೊಳಗೆ ಇಳಿದು ಬಂದವನು ಎಂಬುದೇ ಆ ಸುಳ್ಳು.

ಅದು ಹುಟ್ಟಿದ್ದು ಹೀಗೆ. ಕಡ್ಡಾಯದ ಸೈನ್ಯದ ಚಾಕರಿಗೆ ಅವನನ್ನು ಕೋಸ್ ದ್ವೀಪಕ್ಕೆ ಹಾಕಿದ್ದರು. ಬಂದೂಕು ಹಿಡಿದರೆ ಕೈ ನಡುಗುತ್ತದೆಂದು ಅಡುಗೆಮನೆಗೆ ದಬ್ಬಿದ್ದರು. ಒಂದು ಭಾನುವಾರ ಪಡೆಯವರೆಲ್ಲ ದೋಣಿ ಮಾಡಿಕೊಂಡು ಪಕ್ಕದ ನಿಸಿರೋಸ್‌ಗೆ ಜ್ವಾಲಾಮುಖಿ ನೋಡಲು ಹೋದರು. ಹಿಂದಿನ ದಿನ ಇನ್ನೂರು ಜನರ ಮಸೂರಬೇಳೆ ಸೀಯಿಸಿದ ತಪ್ಪಿಗೆ ಪಾಂಡೆಲಿಸ್ ಮಾತ್ರ ಹಿಂದೆ ಉಳಿದು ಹಂಡೆಯ ತಳ ಕೆರೆಯುತ್ತಿದ್ದ. ಸಂಜೆ ಗೆಳೆಯರು ಬಂದು ಹೇಳಿದ್ದನ್ನೆಲ್ಲ ಬಾಯಿ ತೆರೆದುಕೊಂಡು ಕೇಳಿದ. ಮುಂದೆ ಮೇಷ್ಟ್ರಾಗಿ ಮೊದಲ ವರ್ಷ, ಹಿಂದಿನ ಬೆಂಚಿನ ಹುಡುಗರು ತನ್ನ ಪಾಠದ ನಡುವೆ ಇಸ್ಪೀಟು ಕಲೆಸುತ್ತಿದ್ದಾಗ, "ನಾನು ನಿಸಿರೋಸ್‌ನಲ್ಲಿ ನಿಂತಾಗ..." ಎಂದು ಬಾಯಿಗೆ ಬಂತು. ತರಗತಿ ಸ್ತಬ್ಧವಾಯಿತು. ಆ ನಿಶ್ಶಬ್ದದ ರುಚಿ ಅವನಿಗೆ ಹತ್ತಿಬಿಟ್ಟಿತು. ಮೊದಮೊದಲು ಜ್ವಾಲಾಮುಖಿಯನ್ನು ದಂಡೆಯ ಮೇಲಿಂದ ನೋಡಿದ್ದ. ನಾಲ್ಕನೆಯ ವರ್ಷ ಒಳಕ್ಕೆ ಇಳಿದ. ಹತ್ತನೆಯ ವರ್ಷದ ಹೊತ್ತಿಗೆ ಹಬೆಯ ತೂತಿನಲ್ಲಿ ಮೊಟ್ಟೆ ಬೇಯಿಸಿದ. ಆಮೇಲೆ ಅವನ ಬೂಟಿನ ಅಟ್ಟೆಯೇ ಕರಗಿಹೋಯಿತು. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಆ ಅಟ್ಟೆ. ಅಣ್ಣಂದಿರಿಂದ ಕೇಳಿಕೊಂಡು ಬಂದು, "ಸರ್, ಅಟ್ಟೆ ಕಥೆ" ಎಂದು ಪೀಡಿಸುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಅದು ಅವನ ಜೊತೆಗೇ ಮಣ್ಣಾಗುತ್ತಿತ್ತು. ಆದರೆ ಐವತ್ತಾರನೆಯ ವಯಸ್ಸಿಗೆ ಅವನಿಗೆ ಮೊಣಕಾಲು ನೋವು ಬಂತು. ಬಯಲಿನ ಊರು, ಎಲ್ಲರೂ ಸೈಕಲ್ಲಿನವರೇ, ಅವನೂ ಅಷ್ಟು ಕಾಲ ಸೈಕಲ್ಲಿನಲ್ಲೇ ಕಳೆದಿದ್ದ. ವೈದ್ಯರು ಬೇಡವೆಂದ ಮೇಲೆ ಕಾರು ಕಲಿಯಲು ಉರಾನಿಯಾಳ ಡ್ರೈವಿಂಗ್ ಸ್ಕೂಲಿಗೆ ಸೇರಿದ. ಉರಾನಿಯಾ ಐವತ್ಮೂರರ ವಿಧವೆ. ಗಂಡ ಅಪೋಸ್ಟೋಲಿಸ್ ನಡೆಸುತ್ತಿದ್ದ ಸ್ಕೂಲನ್ನು ಅವನು ಹೋದ ಮೇಲೆ ತಾನೇ ನಡೆಸುತ್ತಿದ್ದಳು. ಪಾಂಡೆಲಿಸ್‌ಗಿಂತ ಎರಡು ಬೆರಳು ಎತ್ತರ. ಎಂಥಾ ಅಡ್ಡಾದಿಡ್ಡಿ ಓಡಿಸಿದರೂ ದನಿ ಏರಿಸದೆ, "ಈಗ ಬ್ರೇಕು, ಮೇಷ್ಟ್ರೇ" ಎನ್ನುವವಳು.

ಪಾಂಡೆಲಿಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದ. ಮೊದಲ ಸಲ ಬಾತುಕೋಳಿಗಳಿಗೆ ದಾರಿ ಬಿಡಲು ನಡುರಸ್ತೆಯಲ್ಲಿ ನಿಂತು. ಎರಡನೆಯ ಸಲ, ಪರೀಕ್ಷೆ ಮಾಡಲು ಬಂದವನಿಗೆ ನದಿಯೊಂದು ಪಾತ್ರ ಬದಲಿಸಿದ ಬಗೆಯನ್ನು ವಿವರಿಸುತ್ತ ಕೆಂಪು ದೀಪ ದಾಟಿ. ಮೂರನೆಯ ಸಲ ಬೇಕೆಂದೇ ಇರಬೇಕು ಎಂದು ಅವನಿಗೇ ಗುಮಾನಿ. ನಾಲ್ಕನೆಯ ಸಲ ಕರ್ಮಕ್ಕೆ ಪಾಸಾಗಿಬಿಟ್ಟ. ಮನೆಗೆ ಬಂದು ಯಾರನ್ನೋ ಕಳೆದುಕೊಂಡವನ ಹಾಗೆ ಕುಳಿತ. ಮಾರನೆಯ ದಿನ ಹೋಗಿ, ಹೆದ್ದಾರಿಯ ಅಭ್ಯಾಸ ಸಾಲದು ಅನ್ನಿಸುತ್ತದೆ ಎಂದ. ಹಾಗೆ ಒಟ್ಟು ಅರವತ್ತೆರಡು ಪಾಠಗಳಾದವು. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಶನಿವಾರ ಸಂಜೆ ಪಾಂಡೆಲಿಸ್ ಹಿಂದಿನ ಓಣಿಯಿಂದ ಅವಳ ಮನೆಗೆ ಹೋಗುತ್ತಿದ್ದ. ಯಾರ ಕಣ್ಣಿಗೂ ಬೀಳಬಾರದೆಂದು ಕಾರನ್ನು ಎರಡು ಬೀದಿ ಆಚೆ ನಿಲ್ಲಿಸುತ್ತಿದ್ದ. ಕಾರು ನಿಲ್ಲಿಸಲು ಅವನಿಗೆ ಕಾಲು ಗಂಟೆ ಹಿಡಿಯುತ್ತಿದ್ದರಿಂದ, ಅಷ್ಟರಲ್ಲಿ ಆ ಬೀದಿಯವರೆಲ್ಲ ಬಾಲ್ಕನಿಗೆ ಬಂದಿರುತ್ತಿದ್ದರು ಎಂಬುದು ಬೇರೆ ಮಾತು.

ಅಂಥ ಒಂದು ಶನಿವಾರ ಊಟದ ನಡುವೆ ಅವಳಿಗೂ ಅಟ್ಟೆಯ ಕಥೆ ಹೇಳಿಬಿಟ್ಟ. ಹೇಳಿದ್ದು ಸಾಲದೆಂದು, "ಒಂದು ಸಲ ನಿನ್ನನ್ನು ಕರಕೊಂಡು ಹೋಗ್ತೀನಿ. ನನ್ನ ಜ್ವಾಲಾಮುಖಿ ತೋರಿಸ್ತೀನಿ" ಎಂದ. ಉರಾನಿಯಾ ಬ್ರೆಡ್ಡು ಮುರಿಯುತ್ತಿದ್ದವಳು ಅವನ ಮುಖವನ್ನೊಮ್ಮೆ ನೋಡಿ, "ಆಗಲಿ, ಹೋಗೋಣ" ಎಂದಳು. ಅಷ್ಟು ಬೇಗ ಒಪ್ಪುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ.

ಜೂನ್‌ನಲ್ಲಿ ಪವಿತ್ರಾತ್ಮದ ಹಬ್ಬದ ಸೋಮವಾರ ಸೇರಿ ಮೂರು ದಿನ ರಜೆ ಬಿತ್ತು. ಬೇರೆಯವರಾದರೆ ಪ್ರೇಮದ ಪ್ರವಾಸಕ್ಕೆ ಸ್ಯಾಂಟೊರಿನಿಗೆ ಹೋಗುತ್ತಾರೆ. ಅಲ್ಲೂ ಜ್ವಾಲಾಮುಖಿಯೇ, ಆದರೆ ಅಲ್ಲಿ ಬಿಳಿ ಗೋಡೆ, ಸೂರ್ಯಾಸ್ತ, ವೈನು. ಕೊಳೆತ ಮೊಟ್ಟೆಯ ವಾಸನೆ ಬರುವ ಗುಂಡಿಗೆ ಹೆಣ್ಣನ್ನು ಕರೆದೊಯ್ದು ಮದುವೆಯ ಮಾತೆತ್ತಬೇಕೆಂದು ಹೊರಟ ಗಂಡಸು ಇಡೀ ಗ್ರೀಸಿಗೆ ತಾನೊಬ್ಬನೇ ಇರಬೇಕು ಎಂದು ಪಾಂಡೆಲಿಸ್‌ಗೆ ವಿಮಾನದಲ್ಲಿ ಹೊಳೆಯಿತು. ಆದರೆ ಹೊರಟಾಗಿತ್ತು. ಹೊಸ ಬೂಟು ಕೊಂಡಿದ್ದ, ಅಟ್ಟೆ ದಪ್ಪವಿದ್ದದ್ದನ್ನೇ ಹುಡುಕಿ. ಬೆಟ್ಟಕ್ಕೆ ಬೇಕಾಗುತ್ತದೆ ಎಂದು ಅಂಗಡಿಯವನಿಗೆ ಹೇಳಿದ್ದರೂ, ಆ ಎರಡು ಬೆರಳಿನ ಲೆಕ್ಕ ಅವನಿಗೂ ಅಂಗಡಿಯವನಿಗೂ ಗೊತ್ತಿತ್ತು. ಆಡಬೇಕಾದ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದ.

ಶನಿವಾರ ಬೆಳಿಗ್ಗೆ ಕೋಸ್‌ನಿಂದ ದೋಣಿ ಹಿಡಿದು ಮಂಡ್ರಾಕಿ ಬಂದರಿನಲ್ಲಿ ಇಳಿದರು. ಇಳಿಯುತ್ತಲೇ ಪಾಂಡೆಲಿಸ್ ಸೊಂಟದ ಮೇಲೆ ಕೈಯಿಟ್ಟು, ಊರಂಚಿನ ಬಂಡೆಯ ಮೇಲೆ ಕೂತಿದ್ದ ಮಾತೆ ಮರಿಯಳ ಮಠವನ್ನು ತೋರಿಸಿ, "ಹಾ, ಏನೂ ಬದಲಾಗಿಲ್ಲ. ಅದರ ಹಿಂದೇನೇ ಜ್ವಾಲಾಮುಖಿ" ಎಂದ. ಉರಾನಿಯಾ, "ಹೌದಾ" ಎಂದಳು. ಸಂಜೆ ಮಠಕ್ಕೆ ಹತ್ತಿ ನೋಡಿದರೆ ಅದರ ಹಿಂದೆ ಬರೀ ಸಮುದ್ರ. ಸಮುದ್ರವೆಂದರೆ ಸಮುದ್ರ, ದಿಗಂತದವರೆಗೂ ನೀರು. ಮೂವತ್ತು ವರ್ಷದಲ್ಲಿ ಭೂಮಿಯ ಮೇಲ್ಮೈ ಸಾಕಷ್ಟು ಬದಲಾಗುತ್ತದೆ ಎಂದು ಪಾಂಡೆಲಿಸ್ ಗೊಣಗಿದ. ಭೂಗೋಳದ ಮೇಷ್ಟ್ರ ಬಾಯಲ್ಲಿ ಬಂದ ಆ ಮಾತಿಗೆ ಅವನಿಗೇ ನಾಚಿಕೆಯಾಯಿತು. ಉರಾನಿಯಾ ಗಾಳಿಗೆ ಹಾರುತ್ತಿದ್ದ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದಳು.

ಅವರು ಇಳಿದುಕೊಂಡಿದ್ದು ಕಿರಾ ಸೆವಸ್ತಿ ಎಂಬ ಎಪ್ಪತ್ತೆಂಟರ ಮುದುಕಿಯ ಮನೆಯ ಮಹಡಿಯ ಕೋಣೆಯಲ್ಲಿ. ಮುದುಕಿ ಬಾದಾಮಿಯ ತಂಪು ಶರಬತ್ತು ತಂದಿಟ್ಟು, ಇಬ್ಬರ ಕೈಬೆರಳುಗಳನ್ನೂ ನೋಡಿ ಉಂಗುರವಿಲ್ಲದ್ದನ್ನು ಗಮನಿಸಿ, ಅದರ ಬಗ್ಗೆ ಒಂದಕ್ಷರ ಆಡಲಿಲ್ಲ. ಮೊದಲ ಸಲವಾ ಬರ್ತಿರೋದು ಎಂದಷ್ಟೇ ಕೇಳಿದಳು. ಇಲ್ಲ, ಸೈನ್ಯದಲ್ಲಿದ್ದಾಗ ಬಂದಿದ್ದೆ ಎಂದ ಪಾಂಡೆಲಿಸ್. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಸುಳ್ಳಿಗೆ ಒಬ್ಬ ಸಾಕ್ಷಿ ಇದ್ದರೆ ಚೆನ್ನವೆಂದು, ಬಂದರಿನಲ್ಲಿ ಒಕ್ಕಣ್ಣಿನ ಮುದುಕನೊಬ್ಬ ಕಾಫಿ ಮಾಡಿಕೊಡುತ್ತಿದ್ದ, ಎಂಥಾ ಕಾಫಿ ಅದು, ಈಗಲೂ ಇದ್ದಾನಾ ಎಂದು ಕೇಳಿದ. ಕಿರಾ ಸೆವಸ್ತಿ ಬಹಳ ಹೊತ್ತು ಯೋಚಿಸಿದಳು.

"ಬಂದರಿನ ಕಾಫಿ ಅಂಗಡಿ ನಮ್ಮಪ್ಪಂದು" ಎಂದಳು. "ಅವನಿಗೆ ಎರಡೂ ಕಣ್ಣಿತ್ತು. ನಿನಗೆ ಯಾವಾಗ ಕಣ್ಣು ಹೊಡೆದನೋ ಕಾಣೆ."

ಉರಾನಿಯಾಗೆ ಶರಬತ್ತು ನೆತ್ತಿಗೇರಿ ಬಹಳ ಹೊತ್ತು ಕೆಮ್ಮಿದಳು.

ಭಾನುವಾರ ಬೆಳಿಗ್ಗೆ ಜ್ವಾಲಾಮುಖಿಗೆ ಬಸ್ಸಿದೆ ಎಂದು ಮುದುಕಿ ಹೇಳಿದಳು. ಪಾಂಡೆಲಿಸ್ ಬಸ್ಸು ಬೇಡವೆಂದ. ತನಗೊಂದು ಹಳೆಯ ಕಾಲುದಾರಿ ಗೊತ್ತು, ಅದರ ಸೊಗಸೇ ಬೇರೆ ಎಂದ. ಕಾಲುದಾರಿ ಇದ್ದೇ ಇರುತ್ತದೆ, ಎಲ್ಲಾ ಬೆಟ್ಟಕ್ಕೂ ಇರುತ್ತದೆ ಎಂಬುದು ಅವನ ಧೈರ್ಯ. ಕಲ್ಲುಗೋಡೆಗಳ ನಡುವೆ ಒಂದು ದಾರಿ ಸಿಕ್ಕಿತು ಕೂಡ. ಅದು ಎರಡಾಯಿತು. ಪಾಂಡೆಲಿಸ್ ಅನುಮಾನಿಸದೆ ಎಡಕ್ಕೆ ಹಿಡಿದ. ಮತ್ತೆ ಎರಡಾಯಿತು. ಬಲಕ್ಕೆ ಹಿಡಿದ. ಬಿಸಿಲು ಏರಿತು, ಹೊಸ ಬೂಟು ಹಿಮ್ಮಡಿ ಕಚ್ಚತೊಡಗಿತು. ಅವನು ಕುಂಟುತ್ತಲೇ ಶಿಲೆಯ ಪದರಗಳ ಬಗ್ಗೆ ಪಾಠ ಮಾಡುತ್ತ ಮುಂದೆ ನಡೆದ. ಉರಾನಿಯಾ ನೀರಿನ ಬಾಟಲಿ ಹಿಡಿದು, ಒಂದು ಮಾತೂ ಆಡದೆ ಹಿಂದೆ ನಡೆದಳು. ಎರಡೂವರೆ ಗಂಟೆಯ ಮೇಲೆ ದಾರಿ ಒಂದು ಆಡಿನ ದೊಡ್ಡಿಯಲ್ಲಿ ಹೋಗಿ ಮುಗಿಯಿತು. ನಲವತ್ತು ಆಡುಗಳು ತಲೆಯೆತ್ತಿ ಮೇಷ್ಟ್ರನ್ನು ನೋಡಿದವು. ತರಗತಿ ನಡುವೆ ಬಾಗಿಲು ತೆರೆದು ಒಳಬಂದವನನ್ನು ಮಕ್ಕಳು ನೋಡುವುದೂ ಹೀಗೆಯೇ.

"ಅಡ್ಡಿಯಿಲ್ಲ" ಎಂದಳು ಉರಾನಿಯಾ. "ಜಾಗ ಚೆನ್ನಾಗಿದೆ." ಗೋಡೆಯ ನೆರಳಲ್ಲಿ ಕೂತು ತಂದಿದ್ದ ಕಡಲೆ ವಡೆಗಳನ್ನು ಬಿಚ್ಚಿದಳು. ಒಂದು ಆಡು ಬಂದು ಪಾಂಡೆಲಿಸ್‌ನ ಟೋಪಿಯ ಅಂಚು ತಿಂದಿತು. ಬೆಟ್ಟದ ಕೆಳಗೆ ಸಮುದ್ರ ಥಳಥಳ ಹೊಳೆಯುತ್ತಿತ್ತು. ಬಾಯಿಪಾಠ ಮಾಡಿದ್ದನ್ನು ಇಲ್ಲೇ ಒಪ್ಪಿಸಿಬಿಡಲೇ ಎಂದು ಅವನಿಗೊಮ್ಮೆ ಅನ್ನಿಸಿತು. ಆದರೆ ಆ ಮಾತು ಶುರುವಾಗುವುದೇ 'ಈ ಕುದಿಯುವ ನೆಲದ ಮೇಲೆ ನಿಂತು' ಎಂದಿತ್ತು. ಇಲ್ಲಿ ನೆಲದ ಮೇಲೆ ಬರೀ ಆಡಿನ ಹಿಕ್ಕೆ. ಇನ್ನೊಂದು ವಡೆ ತೆಗೆದುಕೊಂಡ.

ಸೋಮವಾರ ಬೆಳಿಗ್ಗೆ ಅವನು ಕೇಳುವ ಮುಂಚೆಯೇ ಉರಾನಿಯಾ ಬಸ್ಸು ಹತ್ತಿ ಕೂತಿದ್ದಳು. ಸಂಜೆ ವಾಪಸು ದೋಣಿ, ಇದೊಂದೇ ಬೆಳಗು ಉಳಿದಿರುವುದು ಎಂದಳು. ಬಸ್ಸು ಬೆಟ್ಟದ ಅಂಚು ದಾಟಿ ಆ ಕಡೆ ಇಳಿಯತೊಡಗಿದಾಗ ಪಾಂಡೆಲಿಸ್ ಕಿಟಕಿಗೆ ಮುಖ ಒತ್ತಿದ. ಹಸಿರು ಬೆಟ್ಟಗಳ ನಡುವೆ ಬಟ್ಟಲಿನ ಹಾಗೆ ಒಂದು ಬಯಲು, ಬಯಲಿನ ನಡುವೆ ಬೂದಿಬಣ್ಣದ ದೊಡ್ಡ ಗುಂಡಿ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದ ಚಿತ್ರ. ಬರೆದಿದ್ದು ತಪ್ಪು. ಅವನು ಶಂಕುವಿನಾಕಾರದ ಬೆಟ್ಟ ಬರೆದು, ತುದಿಯಲ್ಲಿ ತೂತು ಬರೆದು, ಕೆಂಪು ಸೀಮೆಸುಣ್ಣದಲ್ಲಿ ಹೊಗೆ ಎಬ್ಬಿಸುತ್ತಿದ್ದ. ಇದು ಯಾರೋ ನೆಲಕ್ಕೆ ಹೆಬ್ಬೆರಳು ಒತ್ತಿ ತೆಗೆದ ಹಾಗಿತ್ತು.

ಗುಂಡಿಯ ಗೋಡೆಗುಂಟ ಸುತ್ತಿಬರುವ ದಾರಿಯಲ್ಲಿ ಇಬ್ಬರೂ ತಳಕ್ಕೆ ಇಳಿದರು. ಕಾವು ಕಾಲಿನಿಂದ ಮೇಲಕ್ಕೆ ಬರುತ್ತಿತ್ತು. ವಾಸನೆ ಪಾಠದಲ್ಲಿ ಹೇಳುತ್ತಿದ್ದುದಕ್ಕಿಂತ ಹತ್ತುಪಟ್ಟು. ಅಲ್ಲಲ್ಲಿ ನೆಲದಲ್ಲಿ ತೂತುಗಳು, ತೂತಿನ ಬಾಯಿಗೆ ಹಳದಿ ಹರಳು, ಒಳಗೆ ಯಾರೋ ದೊಡ್ಡ ಪಾತ್ರೆಯಲ್ಲಿ ಅಂಬಲಿ ಕುದಿಸುತ್ತಿರುವ ಗುಳುಗುಳು ಸದ್ದು. ಪಾಂಡೆಲಿಸ್‌ಗೆ ಸೈನ್ಯದ ಅಡುಗೆಮನೆ ನೆನಪಾಯಿತು. ಒಂದು ತೂತಿನ ಪಕ್ಕ ನಿಂತು, ಗಂಧಕದ ಬಗ್ಗೆ ಹೇಳತೊಡಗಿದ. ಹೇಳುತ್ತ ಹೇಳುತ್ತ ಬಾಯಿಪಾಠದ ಮಾತಿನತ್ತ ಹೊರಳಬೇಕೆಂದು ಉಪಾಯ ಮಾಡಿದ್ದ. ಆದರೆ ಮೇಷ್ಟ್ರ ಚಾಳಿ, ಗಂಧಕ ಮುಗಿಯಲೇ ಇಲ್ಲ. ಹತ್ತು ನಿಮಿಷ ಒಂದೇ ಕಡೆ ನಿಂತ. ಕೊನೆಗೆ ಧೈರ್ಯ ತಂದುಕೊಂಡು ಅವಳತ್ತ ಒಂದು ಹೆಜ್ಜೆ ಇಟ್ಟ. ಬಲಗಾಲು ಬಂತು, ಅಟ್ಟೆ ಬರಲಿಲ್ಲ.

ಬಗ್ಗಿ ನೋಡಿದ. ದಪ್ಪ ಅಟ್ಟೆ ನೆಲಕ್ಕೆ ಅಂಟಿ ಕೂತಿತ್ತು. ಅದಕ್ಕೂ ಬೂಟಿಗೂ ನಡುವೆ ಅಂಟು ಬೆಣ್ಣೆಯ ಹಾಗೆ ಕರಗಿ ಎಳೆಯೆಳೆಯಾಗಿತ್ತು. ಪಾಂಡೆಲಿಸ್‌ಗೆ ತಾನೆಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಲ್ಲಾ ಮರೆತುಹೋಯಿತು.

"ಉರಾನಿಯಾ, ನೋಡಿಲ್ಲಿ, ಕರಗಿಬಿಟ್ಟಿದೆ! ನಿಜವಾಗ್ಲೂ ಕರಗುತ್ತೆ ಕಣೇ ಇದು!"

ಉರಾನಿಯಾ ಹತ್ತಿರ ಬಂದು ಬಗ್ಗಿ ಅಟ್ಟೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನಿಜವಾಗ್ಲೂ ಅಂದ್ರೆ?"

"ಅಂದ್ರೆ... ಅವತ್ತಿನ ಹಾಗೇ."

"ಅವತ್ತು ಕರಗಿದ್ದು ಯಾವ ಕಾಲಿಂದು?"

"ಎಡಗಾಲು."

"ನಮ್ಮನೇಲಿ ಹೇಳೋವಾಗ ಬಲಗಾಲು ಅಂದಿದ್ದೆ."

ಪಾಂಡೆಲಿಸ್ ಸೆಟೆದು ನಿಂತ. ಒಂದು ಕಾಲು ಎತ್ತರ, ಒಂದು ಕಾಲು ತಗ್ಗು, ಹಾಗಾಗಿ ಸೆಟೆದು ನಿಲ್ಲುವುದೂ ಓರೆಯಾಗಿತ್ತು. ಎರಡೂ ಕಾಲಿಂದು ಎಂದು ಹೇಳಲು ಬಾಯಿ ತೆರೆದ. ಮೂವತ್ತು ವರ್ಷದ ಅಭ್ಯಾಸ, ಸುಳ್ಳು ಬಾಗಿಲಲ್ಲೇ ನಿಂತಿತ್ತು. ಅಷ್ಟರಲ್ಲಿ ಅವನಿಗೆ ಸಾಕಾಯಿತು. ಮೊದಲ ಸಲ ಜ್ವಾಲಾಮುಖಿ ಕಂಡ ಸಂತೋಷವನ್ನು ಎರಡನೆಯ ಸಲ ಕಂಡವನ ಮುಖದಲ್ಲಿ ಬಚ್ಚಿಟ್ಟುಕೊಂಡು ಓಡಾಡುವುದು ಎಂಥಾ ಪಡಿಪಾಟಲು ಎನ್ನಿಸಿತು.

"ನಾನು ಇಲ್ಲಿಗೆ ಬಂದೇ ಇಲ್ಲ, ಉರಾನಿಯಾ. ಅವತ್ತು ಬೇಳೆ ಸೀದಿತ್ತು."

ಬೇಳೆಯಿಂದ ಹಿಡಿದು ಇಸ್ಪೀಟಿನ ಹುಡುಗರವರೆಗೂ ಎಲ್ಲವನ್ನೂ ಹೇಳಿದ. ಹಬೆ ಅವರಿಬ್ಬರ ನಡುವೆ ಹಾಯುತ್ತಿತ್ತು. ಪಕ್ಕದಲ್ಲಿ ಯಾರೋ ಪ್ರವಾಸಿಗಳು ಮೂಗಿಗೆ ಕರವಸ್ತ್ರ ಹಿಡಿದು ಪಟ ತೆಗೆದುಕೊಳ್ಳುತ್ತಿದ್ದರು. ಅವನು ಹೇಳಿ ಮುಗಿಸಿದ ಮೇಲೆ ಉರಾನಿಯಾ, "ಗೊತ್ತಿತ್ತು" ಎಂದಳು.

"ಯಾವಾಗಿಂದ?"

"ಅನುಮಾನ ಮೊದಲಿಂದ್ಲೂ ಇತ್ತು. ಮಠದ ಹಿಂದೆ ಜ್ವಾಲಾಮುಖಿ ಅಂದಾಗ ಖಾತ್ರಿಯಾಯ್ತು."

"ಅದರ ಹಿಂದೆ ಸಮುದ್ರ ಅಂತ ನಿನಗೆ ಆಗಲೇ ಗೊತ್ತಿತ್ತಾ?"

"ನಾನು ಬಂದಿದ್ದೆ."

ಈಗ ಅವಳು ಹೇಳತೊಡಗಿದಳು. ಮದುವೆಯಾದ ಎರಡನೆಯ ವರ್ಷ ಅಪೋಸ್ಟೋಲಿಸ್ ಜೊತೆ ಕೋಸ್‌ಗೆ ಬಂದಿದ್ದಳಂತೆ. ಒಂದು ದಿನಕ್ಕೆಂದು ಇಲ್ಲಿಗೂ ಬಂದರು. ಮೇಲೆ ದಂಡೆಯ ಹತ್ತಿರ ಬರುತ್ತಲೇ ಅಪೋಸ್ಟೋಲಿಸ್‌ಗೆ ವಾಸನೆಗೆ ತಲೆನೋವು ಬಂತು. ಬಸ್ಸಿಗೆ ವಾಪಸು ಹೋಗಿ ಕೂತ. ಅವಳು ಮೇಲಿನಿಂದ ಗುಂಡಿಯನ್ನು ನೋಡುತ್ತ ನಿಂತಳು. ಕೆಳಗೆ ಜನ ಇರುವೆಗಳ ಹಾಗೆ ಓಡಾಡುತ್ತಿದ್ದರು. ಇಳಿದುಬರುತ್ತೇನೆ ಎಂದು ಹೇಳಲು ತಿರುಗುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಡ್ರೈವರ್‌ಗೆ ಹೇಳಿ ಅಪೋಸ್ಟೋಲಿಸನೇ ಹೊಡೆಸಿದ್ದ.

"ಕೆಟ್ಟವನಲ್ಲ ಅವನು" ಎಂದಳು. "ಯಾವಾಗ್ಲೂ ಅವಸರ. ಹೋಗಿದ್ದೂ ಅವಸರದಲ್ಲೇ, ಹಲ್ಲುಜ್ಜುತ್ತಾ ಇದ್ದ."

ಆಮೇಲೆ ಪಾಂಡೆಲಿಸ್, ಹಾಗಾದರೆ ನಿನ್ನೆ ಆಡಿನ ದೊಡ್ಡಿಯವರೆಗೂ ಯಾಕೆ ಸುಮ್ಮನೆ ಬಂದೆ ಎಂದು ಕೇಳಿದ. ಬಿಸಿಲಲ್ಲಿ ಎರಡೂವರೆ ಗಂಟೆ.

"ಇಪ್ಪತ್ತು ವರ್ಷದಿಂದ ಕಲಿಸ್ತಾ ಇದೀನಿ, ಮೇಷ್ಟ್ರೇ. ಪ್ರಾಣಕ್ಕೆ ಅಪಾಯ ಇಲ್ಲ ಅಂದ್ರೆ ಕಲಿಯೋನು ತಪ್ಪು ದಾರಿ ಹಿಡಿದಾಗ ನಾನು ಬಾಯಿ ಬಿಡಲ್ಲ. ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಅವನೇ ನೋಡಲಿ." ಮತ್ತೆ ಸಣ್ಣ ದನಿಯಲ್ಲಿ, "ಮೊದಲೇ ಹೇಳಿದ್ರೆ ನೀನು ಬರ್ತಾನೇ ಇರಲಿಲ್ಲ. ನನಗೆ ಕೆಳಗೆ ಇಳೀಬೇಕಿತ್ತು" ಎಂದಳು.

ಆ ಮಾತು ಕೇಳಿದ ಮೇಲೆ ಪಾಂಡೆಲಿಸ್‌ಗೆ ಬಾಯಿಪಾಠದ ಮಾತು ಆಡುವ ಮುಖ ಉಳಿಯಲಿಲ್ಲ. ಬೇರೆಯ ಮಾತು ಹೊಳೆಯಲೂ ಇಲ್ಲ. ಹಾಗಾಗಿ, ನಾನು ಇಲ್ಲಿ ಹೇಳಬೇಕೆಂದು ಒಂದು ಮಾತು ಬರೆದುಕೊಂಡು ಬಂದಿದ್ದೆ, ಆದರೆ ಅದು ತೀರಾ ಅವಲಕ್ಷಣವಾಗಿದೆ ಎಂದ. ಹೇಳು ಎಂದಳು. ಬೇಡ ಎಂದ. ಅವಳು ಕೈಕಟ್ಟಿ ನಿಂತಳು. ಕೊನೆಗೆ ಅವನು ಅಟ್ಟೆಯಿಲ್ಲದ ಬೂಟನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಒಂಟಿಕಾಲಿನಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಒಪ್ಪಿಸಿದ.

"ಈ ಕುದಿಯುವ ನೆಲದ ಮೇಲೆ ನಿಂತು ಕೇಳುತ್ತಿದ್ದೇನೆ, ಉರಾನಿಯಾ. ಭೂಮಿಯ ತಳದಲ್ಲಿ ಇರುವಂಥದೇ ಬೆಂಕಿ ನನ್ನ ಎದೆಯಲ್ಲೂ ಇದೆ. ನನ್ನನ್ನು ಮದುವೆಯಾಗುತ್ತೀಯಾ?"

ಉರಾನಿಯಾ ನಕ್ಕಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ಪ್ರವಾಸಿಗಳು ತಿರುಗಿ ನೋಡಿದರು. ಪಾಂಡೆಲಿಸ್‌ಗೂ ನಗು ತಡೆಯಲಾಗದೆ ಸಮತೋಲ ತಪ್ಪಿ ಅವಳ ಹೆಗಲು ಹಿಡಿದುಕೊಂಡ. ಗಂಧಕದ ಗಾಳಿ ಎಳೆದುಕೊಂಡು ಇಬ್ಬರಿಗೂ ಕೆಮ್ಮು ಹತ್ತಿತು. ಅವಳು ಸುಧಾರಿಸಿಕೊಂಡು ಮದುವೆ ಬೇಡ ಎಂದಳು. ಈ ವಯಸ್ಸಿನಲ್ಲಿ ಪಾದ್ರಿಯ ಮುಂದೆ ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಮೂರು ಸುತ್ತು ಸುತ್ತುವುದು ತನ್ನಿಂದಾಗದು. "ಆದ್ರೆ ಈ ಕದ್ದುಮುಚ್ಚಿ ಬರೋದು ಸಾಕು, ಪಾಂಡೆಲಿ. ಕಾರು ನಮ್ಮನೆ ಮುಂದೇ ನಿಲ್ಲಿಸು. ಅಲ್ಲಿ ಜಾಗ ಅಗಲವಾಗಿದೆ, ನಿನಗೂ ಸುಲಭ."

ಅವಳೇ ತನ್ನ ತಲೆವಸ್ತ್ರ ಬಿಚ್ಚಿ ಅವನ ಬೂಟಿಗೆ ಸುತ್ತಿ ಗಂಟು ಹಾಕಿದಳು. ಒಂದು ಕಾಲಿಗೆ ನೀಲಿ ಹೂವಿನ ಬಟ್ಟೆ ಕಟ್ಟಿಕೊಂಡು, ಅವಳ ತೋಳು ಹಿಡಿದು ಮೇಷ್ಟ್ರು ಗುಂಡಿಯಿಂದ ಮೇಲೆ ಬಂದ. ಒಂದು ಹೆಜ್ಜೆಗೆ ಅವಳಿಗೆ ಸಮ, ಇನ್ನೊಂದು ಹೆಜ್ಜೆಗೆ ಗಿಡ್ಡ.

ಮಂಡ್ರಾಕಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಸಂಜೆಯ ದೋಣಿ ಬಿಡುವುದಿಲ್ಲ, ನಾಳೆಯೂ ಅನುಮಾನ ಎಂದು ಬಂದರಿನವರು ಹೇಳಿದರು. ಮಂಗಳವಾರ ಬೆಳಿಗ್ಗೆ ಪಾಂಡೆಲಿಸ್ ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ನಿಲ್ಲಬೇಕಿತ್ತು. ರಜೆಗೆ ಅಥೆನ್ಸ್‌ನ ತಂಗಿಯ ಮನೆಗೆ ಹೋಗುತ್ತೇನೆ ಎಂದು ಮುಖ್ಯೋಪಾಧ್ಯಾಯ ಕುತ್ಸಿಯಾಸ್‌ಗೆ ಹೇಳಿ ಬಂದಿದ್ದ. ಅಥೆನ್ಸ್‌ನಿಂದ ಬರಲು ದೋಣಿ ಬೇಕಾಗುವುದಿಲ್ಲ. ಕಿರಾ ಸೆವಸ್ತಿಯ ಅಂಗಳದಲ್ಲಿ ಫೋನು ಹಿಡಿದುಕೊಂಡು ಅವನು ಅತ್ತಿಂದಿತ್ತ ನಡೆದ. ಹೊಟ್ಟೆ ಕೆಟ್ಟಿದೆ ಎನ್ನಲೇ, ಮೀನು ತಿಂದಿದ್ದೆ ಎನ್ನಲೇ, ಎಂಥಾ ಮೀನು ಎಂದರೆ ಏನೆನ್ನಲಿ ಎಂದು ಆಗಲೇ ಒಳಗೊಳಗೇ ಕಟ್ಟತೊಡಗಿದ್ದ. ತಲೆಯೆತ್ತಿದರೆ ಉರಾನಿಯಾ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಕಲಿಯುವವನನ್ನು ನೋಡುವ ನೋಟವೇ ಅದು.

ಫೋನು ಮಾಡಿದ. ನಿಸಿರೋಸ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಗಾಳಿಗೆ ದೋಣಿ ಇಲ್ಲ, ಡ್ರೈವಿಂಗ್ ಸ್ಕೂಲಿನ ಉರಾನಿಯಾ ಜೊತೆಗಿದ್ದಾಳೆ, ತಂಗಿಯ ಮನೆ ಎಂದದ್ದು ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿದ.

"ಪಾಂಡೆಲಿ," ಎಂದ ಆ ಕಡೆಯಿಂದ ಕುತ್ಸಿಯಾಸ್, "ಅರವತ್ತೆರಡು ಪಾಠ ಯಾರೂ ತಗೊಳಲ್ಲ ಕಣಯ್ಯ. ನನ್ನ ಅತ್ತೆ ಎಂಬತ್ತನೇ ವಯಸ್ಸಿಗೆ ಕಲಿತದ್ದು, ಹತ್ತೊಂಬತ್ತು ಪಾಠಕ್ಕೆ ಮುಗೀತು. ಸ್ಟಾಫ್ ರೂಮಲ್ಲಿ ಎಲ್ಲರಿಗೂ ಗೊತ್ತಿದೆ. ಪರೀಕ್ಷೆಗೆ ಬೇರೆಯವರನ್ನ ಹಾಕ್ತೀನಿ, ಗಾಳಿ ನಿಂತ ಮೇಲೆ ಬಾ. ಅವಳಿಗೆ ನಮಸ್ಕಾರ ಹೇಳು."

ಒಂದು ವರ್ಷವಿಡೀ ಹಿಂದಿನ ಓಣಿಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟದ್ದೆಲ್ಲ ನೆನಪಾಗಿ ಪಾಂಡೆಲಿಸ್‌ನ ಕಿವಿ ಕೆಂಪಾಯಿತು. ಒಂದು ಬಾರಿ ಮಳೆಯಲ್ಲಿ ಪಕ್ಕದ ಮನೆಯ ಕಸದ ಡಬ್ಬಿಯ ಹಿಂದೆ ಇಪ್ಪತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತಿದ್ದ. ಯಾರಿಗೆ ಕಾಣಬಾರದೆಂದು ಕೂತಿದ್ದನೋ ಅವರೇ ಕಿಟಕಿಯಲ್ಲಿ ನಿಂತು, ಪಾಪ ಮೊಣಕಾಲು ನೋವು ಇರುವವನು ಎಂದುಕೊಂಡಿರಬೇಕು. ಅಷ್ಟರಲ್ಲಿ ಉರಾನಿಯಾಳ ಫೋನೂ ಬಡಿಯಿತು. ಅವಳ ಅಕ್ಕ. ಸುದ್ದಿ ಕಾರ್ಡಿತ್ಸಾ ದಾಟಿ ಅಕ್ಕನ ಹಳ್ಳಿ ಮುಟ್ಟಲು ಏಳು ನಿಮಿಷ ಹಿಡಿದಿತ್ತು. ಉರಾನಿಯಾ, "ಹೌದಕ್ಕಾ. ಹೌದು. ಇಲ್ಲ, ಗಿಡ್ಡನೇನಲ್ಲ, ಬೂಟು ಹಾಳಾಗಿದೆ ಅಷ್ಟೇ" ಎಂದು ಹೇಳಿ ಇಟ್ಟಳು.

ಗಾಳಿ ಮೂರು ದಿನ ನಿಲ್ಲಲಿಲ್ಲ. ಮಂಗಳವಾರ ಇಬ್ಬರೂ ಬಂದರಿನಲ್ಲಿ ಕೂತು ಅಲೆ ನೋಡಿದರು. ಬುಧವಾರ ಕಿರಾ ಸೆವಸ್ತಿಗೆ ಇವರು ಸುಮ್ಮನೆ ಕೂತಿರುವುದನ್ನು ನೋಡಿ ಸಹಿಸಲಾಗಲಿಲ್ಲ. ತೀರಿಹೋದ ಗಂಡನ ರಬ್ಬರ್ ಚಪ್ಪಲಿಯನ್ನು ಪಾಂಡೆಲಿಸ್‌ಗೆ ಕೊಟ್ಟು, ಕೆಳಗಿನ ಕೋಣೆಯ ಉಣ್ಣೆಯ ಹಾಸಿಗೆ ಗಾಳಿ ಬಿಸಿಲು ಕಂಡು ಎರಡು ವರ್ಷವಾಯಿತು, ತಾರಸಿಗೆ ಹೊತ್ತು ಹಾಕಿ ಎಂದಳು.

ಉಣ್ಣೆಯ ಹಾಸಿಗೆ ಹೆಣಭಾರ. ಮೆಟ್ಟಿಲು ಕಡಿದು, ನಡುವೆ ಒಂದು ಸುತ್ತು. ಉರಾನಿಯಾ ಮೇಲಿನಿಂದ ಎಳೆದಳು, ಪಾಂಡೆಲಿಸ್ ಕೆಳಗಿನಿಂದ ದಬ್ಬಿದ. ಎಡಕ್ಕೆ ತಿರುಗಿಸು, ಇನ್ನೂ ಎಡಕ್ಕೆ ಎಂದಳು. ಅವನು ಬಲಕ್ಕೆ ತಿರುಗಿಸಿದ. ಹಾಸಿಗೆ ಸುತ್ತಿನಲ್ಲಿ ಬಿರಡೆಯ ಹಾಗೆ ಸಿಕ್ಕಿಕೊಂಡಿತು. ಮೇಲಕ್ಕೂ ಬರದು, ಕೆಳಕ್ಕೂ ಹೋಗದು. ಇಬ್ಬರೂ ಅದರ ಎರಡು ಬದಿಗೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮುಖ ಕಾಣದಿದ್ದಾಗ ಪಾಂಡೆಲಿಸ್‌ಗೆ ಮಾತು ಸುಲಭವಾಗಿ ಬಂತು.

"ಊರಿಗೆ ಹೋದ ಮೇಲೆ ಯಾರ ಮನೇಲಿರೋಣ?" ಎಂದು ಹಾಸಿಗೆಯನ್ನು ಕೇಳಿದ.

"ನಮ್ಮನೇಲಿ" ಎಂದಿತು ಹಾಸಿಗೆ. "ನಿಮ್ಮನೆ ಮೂರನೇ ಮಹಡಿ. ನಿನ್ನ ಮೊಣಕಾಲಿಗೆ ಆಗಲ್ಲ."

"ಪುಸ್ತಕ ಇದಾವೆ ನನ್ನ ಹತ್ರ. ಭೂಪಟಗಳೂ."

"ಎಷ್ಟು?"

ಪಾಂಡೆಲಿಸ್ ನಾಲ್ಕು ಪೆಟ್ಟಿಗೆ ಎನ್ನಲು ಹೊರಟು ತಡೆದ.

"ಹದಿನೇಳು ಪೆಟ್ಟಿಗೆ" ಎಂದ.

ಅಂಗಳದಿಂದ ಕಿರಾ ಸೆವಸ್ತಿ, ಏನು ಅಲ್ಲೇ ಸಂಸಾರ ಹೂಡಿದ್ರಾ ಎಂದು ಕೂಗಿದಳು.

"ಏಳು" ಎಂದಳು ಉರಾನಿಯಾ. "ಮೊದಲು ಇದನ್ನ ಎತ್ತು. ಸ್ವಲ್ಪ ಹಿಂದಕ್ಕೆ ತಗೊ, ಆಮೇಲೆ ಎಡಕ್ಕೆ."

ಪಾಂಡೆಲಿಸ್ ಹಾಸಿಗೆಗೆ ಹೆಗಲು ಕೊಟ್ಟು ಎದ್ದು ನಿಂತ.